ಕೊನೆಯ ಡಬ್ಬಿಯ ಜಯವಂತ ಕಾಕಾ

ಜಯವಂತ ಕಾಕಾ ಯಾರ ಮುಂದೆಯೂ ನಡೆದವರಲ್ಲ. ಮೀನಿನ ಮಾರ್ಕೆಟ್ಟಿಗೆ ಹೋಗಲಿ, ಚರ್ಚಿಗೆ ಹೋಗಲಿ, ಕೋಲ್ಕತ್ತದ ಡಮ್ ಡಮ್ ಸ್ಟೇಷನ್ನಿನ ಮೆಟ್ಟಿಲು ಹತ್ತಲಿ, ಜೊತೆಗಿದ್ದವರನ್ನೆಲ್ಲ ಮುಂದೆ ಬಿಟ್ಟು ತಾವು ಹಿಂದೆ ಉಳಿಯುತ್ತಿದ್ದರು. ಬಾಗಿಲಲ್ಲಿ ನಿಂತು 'ನೀವು ಮೊದಲು' ಎಂದು ಅವರೊಡನೆ ಉಪಚಾರದ ಜಗ್ಗಾಟಕ್ಕೆ ಇಳಿದವರು ಗೆದ್ದದ್ದನ್ನು ನಾನು ಕಾಣೆ. ಅವರ ಹೆಂಡತಿ ಕರುಣಾ ಕಾಕೂ ಇದನ್ನು ಹೇಳಿಕೊಂಡು ನಗುತ್ತಿದ್ದರು. "ಮದಿವಿ ದಿನಾ ಸುದ್ದಾ ಚರ್ಚಿನಾಗಿಂದ ಎಲ್ಲಾರ್ನೂ ಹೊರಗ ಕಳಿಸಿ ಕಡೀಕ ಬಂದ್ರವಾ. ಫೋಟೋದಾಂವಾ ಕೇಳ್ತಾನ, ಮದುಮಗ ಎಲ್ಲಿ ಅಂತ. ನಾ ಒಬ್ಬಾಕಿನ ನಿಂತಿದ್ದೆ, ಹೂವಿನ ಗೊಂಚಲಾ ಹಿಡಕೊಂಡು."

ಅವರು ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದರು. ಐವತ್ತು ಡಬ್ಬಿಗಳ ಹಿಂದೆ ಬ್ರೇಕ್ ವ್ಯಾನ್ ಅಂತ ಒಂದು ಗೂಡಿರುತ್ತದೆ. ಫ್ಯಾನಿಲ್ಲ, ದೀಪವಿಲ್ಲ, ಮಾತಿಗೆ ಜನರಿಲ್ಲ. ಅದರಲ್ಲಿ ಮೂವತ್ತು ವರ್ಷ ಕೂತು, ಹೋಗುವ ಊರಿಗೆ ಬೆನ್ನು ಹಾಕಿ, ಬಿಟ್ಟು ಬಂದ ಹಳಿಯನ್ನೇ ನೋಡುತ್ತಾ ಬದುಕಿದ ಮನುಷ್ಯ. ಊರು ಗದಗದ ಹತ್ತಿರದ ಬೆಟಗೇರಿ. ತೆಳ್ಳಗೆ, ಎತ್ತರಕ್ಕೆ, ವ್ಯಾನಿನ ಬಾಗಿಲಿಂದ ಹೊರಗೆ ಬಾಗಿ ಬಾಗಿ ಎಡಕ್ಕೆ ಸ್ವಲ್ಪ ವಾಲಿದ ಮೈ. ಕುತ್ತಿಗೆಯಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಸೀಟಿ. ಸ್ನಾನಕ್ಕೆ ಹೋಗುವಾಗ ಮಾತ್ರ ಅದನ್ನು ಬಿಚ್ಚುತ್ತಾರೆಂದು ಕಾಕೂ ಹೇಳಿದ್ದರು.

ಅವರ ಬಗ್ಗೆ ಬರೆಯಬಾರದೆಂದು ಇಷ್ಟು ವರ್ಷ ಕೈಕಟ್ಟಿ ಕೂತಿದ್ದೆ. ಈಗ ಬರೆಯುತ್ತಿರುವುದು ಕಾಕೂ ಕೂಡ ತೀರಿಕೊಂಡರು ಎಂಬ ಸುದ್ದಿ ಬಂದ ಮೇಲೆ. ಇದಕ್ಕೆ ಧೈರ್ಯವೆಂದು ಹೆಸರಿಡಲು ನನಗೆ ನಾಚಿಕೆಯಾಗುತ್ತದೆ.

ನಾನು ಕೋಲ್ಕತ್ತಕ್ಕೆ ಹೋದದ್ದು ಸಾಲ್ಟ್ ಲೇಕಿನ ಸೆಕ್ಟರ್ ಫೈವ್‌ನಲ್ಲಿ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲದಲ್ಲಿ. ಕಂಪನಿಯವರು ಮೈಸೂರಿನಲ್ಲಿ ತರಬೇತಿ ಕೊಟ್ಟು, ಹೊಸ ಆಫೀಸು ತುಂಬಿಸಲು ನಮ್ಮನ್ನು ಅಲ್ಲಿಗೆ ಸಾಗಿಸಿದ್ದರು. ಬಾಲಿಗಂಜಿನಲ್ಲಿ ಮೂರನೇ ಮಹಡಿಯ ಫ್ಲಾಟು, ಜೊತೆಗೆ ಕುಂದಾಪುರದ ಶುಭಾ. ಹೋದ ಎರಡನೇ ವಾರವೇ ಲೋಕಲ್ ಟ್ರೈನಿನಲ್ಲಿ ಅಮ್ಮನಿಗೆ ಫೋನ್ ಮಾಡಿ, ಇಲ್ಲಿ ಎಲ್ಲದಕ್ಕೂ ಸಾಸಿವೆ ಎಣ್ಣೆ ಹಾಕುತ್ತಾರೆ, ವಾಂತಿ ಬರುತ್ತದೆ, ವಾಪಸ್ ಬಂದುಬಿಡುತ್ತೇನೆ ಅಂತ ಅಳುತ್ತಿದ್ದೆ. ಫೋನ್ ಇಟ್ಟ ಮೇಲೆ ಹಿಂದಿನಿಂದ ಒಂದು ದನಿ ಬಂತು.

"ಸಾಸಿವಿ ಎಣ್ಣಿ ಮೂರು ತಿಂಗಳಿಗೆ ಹೊಂದ್ತೈತಿ ತಂಗಿ. ಅಲ್ಲೀತನಕಾ ಐತವಾರ ನಮ್ಮನಿಗೆ ಊಟಕ್ಕ ಬಾ. ಜೊತಿಗೆ ಯಾರರ ಇದ್ರ ಅವರ್ನೂ ಕರಕೊಂಡು ಬಾ."

ಹಾಗೆ ಶುರುವಾಯಿತು. ಡಮ್ ಡಮ್‌ನ ರೈಲ್ವೆ ಕ್ವಾರ್ಟರ್ಸಿನ ಎರಡು ಕೋಣೆಯ ಆ ಮನೆಯಲ್ಲಿ ಪ್ರತಿ ಭಾನುವಾರ ನಾವು ಏಳೆಂಟು ಜನ ಐಟಿಯವರು ನೆಲದ ಮೇಲೆ ಸಾಲಾಗಿ ಕೂತು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ ತಿನ್ನುತ್ತಿದ್ದೆವು. ಜೋಳದ ಹಿಟ್ಟು ಬೆಟಗೇರಿಯಿಂದ ಯಾರೋ ಬರುವವರ ಕೈಯಲ್ಲಿ ಬರುತ್ತಿತ್ತು. ಮಕ್ಕಳಿಲ್ಲದ ಮನೆ. ನಾವು ಹೋದರೆ ಕಾಕೂ ಬೆವರು ಒರೆಸಿಕೊಳ್ಳಲೂ ಮರೆತು ರೊಟ್ಟಿ ಬಡಿಯುತ್ತಿದ್ದರು. ಕಾಕಾ ಮಾತ್ರ ನಮ್ಮೊಡನೆ ಕೂತು ಉಂಡದ್ದೇ ಇಲ್ಲ. ಎಲ್ಲರೂ ಕೈ ತೊಳೆದ ಮೇಲೆ, ಕಾಕೂ ಕೂಡ ಉಂಡ ಮೇಲೆ, ತಣ್ಣಗಾದ ರೊಟ್ಟಿಯನ್ನು ಮುರಿದುಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತು ತಿನ್ನುತ್ತಿದ್ದರು.

ಅವರ ಈ ಹಿಂದುಳಿಯುವ ಚಟದಿಂದ ಒಮ್ಮೆ ಒಳ್ಳೆಯ ಫಜೀತಿಯಾಯಿತು. ದಕ್ಷಿಣೇಶ್ವರದಿಂದ ಬೇಲೂರು ಮಠಕ್ಕೆ ದೋಣಿಯಲ್ಲಿ ಹೋಗೋಣವೆಂದು ಹೊರಟಿದ್ದೆವು. ಕಟ್ಟೆಯ ಮೇಲೆ ಹಬ್ಬದ ಜನ. ಕಾಕಾ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ದೋಣಿಗೆ ಹತ್ತಿಸಿದರು. ನಮ್ಮ ಹಿಂದೆ ಒಬ್ಬ ಮುದುಕಿ ಬಂದಳು, ಆಕೆಯನ್ನೂ ಹತ್ತಿಸಿದರು. ಆಕೆಯ ಹಿಂದೆ ಒಂದು ಸಂಸಾರ ಬಂತು, ಅವರನ್ನೂ ಹತ್ತಿಸಿದರು. ಆಮೇಲೆ ನೋಡಿದರೆ ದೋಣಿ ನೀರಿನ ಮಧ್ಯ ಹೋಗುತ್ತಿದೆ, ಕಾಕಾ ಕಟ್ಟೆಯ ಮೇಲೆ ನಿಂತಿದ್ದಾರೆ. ನಾವು ಕೂಗಿದೆವು. ಅವರು ಜೇಬಿನಿಂದ ಹಸಿರು ಕರ್ಚೀಫು ತೆಗೆದು ಗಂಭೀರವಾಗಿ ಬೀಸಿದರು, ಗಾಡಿ ಹೋಗಬಹುದು ಅಂತ. ನಾವು ನಕ್ಕು ನಕ್ಕು ಸುಸ್ತಾದೆವು. ಮುಂದಿನ ದೋಣಿಯಲ್ಲಿ ಬಂದ ಕಾಕಾರ ಮುಖದಲ್ಲಿ ಮುಜುಗರವೇ ಇರಲಿಲ್ಲ.

"ನಾ ಉಳದ್ರ ಏನಾತು? ನೀವೆಲ್ಲಾ ಹೋದ್ರೆಲ್ಲೊ."

ಅವರು ಹೀಗಾಗಲು ಕಾರಣವಾದ ಕತೆಯೊಂದಿತ್ತು. ಅದನ್ನು ಅವರು ಸುಮ್ಮಸುಮ್ಮನೆ ಹೇಳುತ್ತಿರಲಿಲ್ಲ. ನಮಗೆ ಹೇಳಿದ್ದು ಒಮ್ಮೆ ಮಾತ್ರ, ಊಟವಾದ ಮೇಲೆ, ಹೊರಗೆ ಧೋ ಎಂದು ಮಳೆ ಹೊಯ್ಯುತ್ತಿದ್ದಾಗ. ನೌಕರಿಗೆ ಸೇರಿದ ಹೊಸತರಲ್ಲಿ ಅವರ ಕಲ್ಲಿದ್ದಲ ಗಾಡಿ ಏರಿನಲ್ಲಿ ಹೋಗುತ್ತಿರುವಾಗ ಎರಡು ಡಬ್ಬಿಗಳ ನಡುವಿನ ಕೊಂಡಿ ಕಳಚಿತಂತೆ. ಮುಂದಿನ ಅರ್ಧ ಗಾಡಿ ಹೋಗಿಬಿಟ್ಟಿತು. ಹಿಂದಿನ ಅರ್ಧ, ಅದರ ಬಾಲದಲ್ಲಿ ಕಾಕಾ, ಕಾಡಿನ ನಡುವೆ ನಿಂತರು.

"ಪ್ರತಿ ಗಾಡಿ ಹಿಂದ ಒಂದು ಬೋರ್ಡ್ ಇರ್ತೈತಿ," ಎಂದು ಕಾಕಾ ವಿವರಿಸಿದ್ದರು. "ಕಡೀ ಡಬ್ಬಿ ಇದು, ಇದರ ಹಿಂದ ಏನಿಲ್ಲ ಅಂತ. ಸ್ಟೇಷನ್ ಮಾಸ್ತರ ಐವತ್ತು ಡಬ್ಬಿ ಎಣಿಸ್ಕೊಂತ ಕುಂದ್ರೂದಿಲ್ಲ. ಬೋರ್ಡ್ ಕಂಡ್ರ ಗಾಡಿ ಪೂರ್ತಿ ಬಂತು. ಕಾಣದಿದ್ರ ಏನೋ ಹಿಂದ ಉಳದೈತಿ. ಅವತ್ತಿನ ಮಾಸ್ತರ ಬೋರ್ಡ್ ನೋಡಲಿಲ್ಲ. ಚಾ ಕುಡಿಯಾಕತ್ತಿದ್ದ. ಪೂರ್ತಿ ಬಂತು ಅಂತ ಹೇಳಿ, ಹಿಂದಿನ ಪ್ಯಾಸೆಂಜರ್ ಗಾಡೀನ ಬಿಡಿಸಿಬಿಟ್ಟ. ಅದು ಬರೂದು ನನಗ ಕಾಣಾಕತ್ತಿತ್ತು."

ಅವರು ಕೆಂಪು ಬಾವುಟ ಹಿಡಿದು ಹಳಿಯ ಮೇಲೆ ಎದುರು ಓಡಿದ್ದರಂತೆ. ಆ ಗಾಡಿ ಅವರಿಂದ ನೂರು ಹೆಜ್ಜೆ ದೂರದಲ್ಲಿ ನಿಂತಿತು. ಮಾಸ್ತರನ ನೌಕರಿ ಹೋಯಿತು. ಕಾಕಾ ಆತನನ್ನು ಬೈದದ್ದನ್ನು ನಾವು ಕೇಳಲಿಲ್ಲ. "ಪಾಪ, ಎರಡು ಹೆಣ್ಣು ಮಕ್ಕಳಿದ್ದುವು ಅವಗ," ಎಂದಷ್ಟೇ ಹೇಳಿ ಎದ್ದು ಹೋದರು.

ವರ್ಷಕ್ಕೆ ನಾಲ್ಕೈದು ಸಲ ಅವರು ನಮ್ಮನ್ನು ಎಲ್ಲಾದರೂ ನಡೆಯಲು ಕರೆದೊಯ್ಯುತ್ತಿದ್ದರು. ದಿನವಿಡೀ ಕಂಪ್ಯೂಟರಿನ ಮುಂದೆ ಕೂತ ನಮ್ಮ ಬೆನ್ನುಗಳ ಮೇಲೆ ಅವರಿಗೆ ಬಹಳ ಕನಿಕರ. ನಡಿಗೆಗೂ ರೈಲಿನದೇ ಕಾನೂನು. ಎಲ್ಲರಿಗಿಂತ ಮುಂದೆ ನಾನು, ಅವರ ಮಾತಿನಲ್ಲಿ 'ಇಂಜಿನ್ ಪುಷ್ಪಾ'. ಎಲ್ಲರಿಗಿಂತ ಹಿಂದೆ ಅವರು, ಬೆನ್ನಚೀಲಕ್ಕೆ ಕೆಂಪು ಬಟ್ಟೆ ಕಟ್ಟಿಕೊಂಡು. ತಿರುವು ಬಂದಲ್ಲಿ ನಾನು ನಿಂತು ಹಿಂದೆ ನೋಡಬೇಕು. ಕೆಂಪು ಬಟ್ಟೆ ಕಂಡರೆ ಸೀಟಿಯನ್ನು ಉದ್ದಕ್ಕೆ ಒಮ್ಮೆ ಊದಬೇಕು. ಹಾಗೆಂದರೆ ಎಲ್ಲರೂ ಬಂದರು, ಮುಂದೆ ಹೋಗುತ್ತಿದ್ದೇವೆ ಎಂದರ್ಥ. ನನಗೊಂದು ಸೀಟಿಯನ್ನೂ ಅವರೇ ಕೊಡಿಸಿದ್ದರು. ತಮಾಷೆಯಾಗಿ ಶುರುವಾದದ್ದು ನನಗೆ ಎಷ್ಟು ರೂಢಿಯಾಯಿತೆಂದರೆ ತಲೆ ಎಣಿಸುವುದನ್ನೇ ಬಿಟ್ಟುಬಿಟ್ಟೆ. ಬಟ್ಟೆ ಕಂಡರೆ ಸಾಕಿತ್ತು.

ಆ ವರ್ಷ ದುರ್ಗಾ ಪೂಜೆಯ ರಜೆಯಲ್ಲಿ ಉತ್ತರ ಬಂಗಾಳದ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವುದೆಂದಾಯಿತು. ಕೋಲ್ಕತ್ತದಲ್ಲಿ ಪೆಂಡಾಲುಗಳ ಮುಂದೆ ಕಾಲಿಡಲು ಜಾಗವಿರದ ಆ ನಾಲ್ಕು ದಿನ ಊರು ಬಿಟ್ಟು ಓಡುವುದು ನಮ್ಮಂಥವರ ಪದ್ಧತಿ. ಅಲ್ಲಿ ನದಿಯೊಂದು ಎರಡು ಬಂಡೆಗೋಡೆಗಳ ನಡುವೆ ಇಳಿಯುತ್ತದೆ. ಕೆಲವು ಕಡೆ ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಇಕ್ಕಟ್ಟು. ಮೇಲಿನ ತೂಗುಸೇತುವೆಯ ಹತ್ತಿರ ಇಳಿದು, ಮೊಣಕಾಲುದ್ದ ನೀರಿನಲ್ಲಿ ಕಲ್ಲಿಂದ ಕಲ್ಲಿಗೆ ದಾಟುತ್ತಾ ಐದಾರು ಕಿಲೋಮೀಟರ್ ನಡೆದು, ಕೆಳಗಿನ ಬಾಯಿಯಲ್ಲಿ ಹೊರಬರಬೇಕು. ಬೆಳಿಗ್ಗೆ ಹೊಕ್ಕರೆ ಮಧ್ಯಾಹ್ನಕ್ಕೆ ಮುಗಿಯುವ ದಾರಿ. ಕಾಕಾ ಅದನ್ನು ಕೊಳ್ಳ ಎಂದು ಕರೆದರು. "ನಮ್ಮ ಕಡೆ ಕೊಳ್ಳದಾಗ ನೀರ ಇರೂದಿಲ್ಲ, ಇಲ್ಲಿ ನೀರಿನಾಗ ಕೊಳ್ಳ ಐತಿ ನೋಡು," ಎಂದು ಖುಷಿಪಟ್ಟರು.

ಶುಭಾಳಿಗೆ ಬರಲು ಮನಸ್ಸಿರಲಿಲ್ಲ. ಹಿಂದಿನ ನಡಿಗೆಗಳಿಗೂ ಅವಳು ಬಂದವಳಲ್ಲ. "ನನ್ನ ಮಂಡಿ ಸರಿ ಇಲ್ಲ ಮಾರಾಯ್ತಿ, ನೀವು ಹೋಗಿ ಬನ್ನಿ, ನಾನು ಮಲಗಿ ನಿದ್ದೆ ಮಾಡ್ತೇನೆ," ಎಂದಳು. ನಾನು ಬಿಡಲಿಲ್ಲ. ಇಪ್ಪತ್ತೈದಕ್ಕೇ ಅಜ್ಜಿ ಆಗಿದ್ದೀಯ, ಒಂದು ದಿನ ನಡೆದರೆ ಸಾಯಲ್ಲ ಅಂದೆ. ಆ ಮಾತನ್ನು ಹಾಗೆಯೇ ಅಂದೆ. ನನ್ನ ನಾಲಿಗೆಗೆ ಅಂದು ಯಾವ ಭಯವೂ ಇರಲಿಲ್ಲ.

ಕಾಕಾ ಸೇರಿ ನಾವು ಎಂಟು ಜನ. ಜೊತೆಗೆ ಅಲ್ಲಿಯವನೇ ಆದ ದಾರಿ ತೋರಿಸುವವನು, ಪ್ರೇಮ್. ಅವನು ನನ್ನ ಜೊತೆ ಮುಂದೆ ನಡೆದ. ಹನ್ನೊಂದು ಗಂಟೆಯವರೆಗೆ ನೀರಿನ ಮೇಲೆ ಬಿಸಿಲು ಕುಣಿಯುತ್ತಿತ್ತು. ಆಮೇಲೆ ಮೇಲಿನ ಬೆಟ್ಟಗಳ ಕಡೆ ಕಪ್ಪು ಮೋಡ ಕಟ್ಟಿತು. ಪ್ರೇಮ್ ಎರಡು ಸಲ ತಲೆಯೆತ್ತಿ ನೋಡಿ, ಜಲ್ದಿ ನಡೆಯಬೇಕು, ಮೇಲೆ ಮಳೆಯಾದರೆ ಇಲ್ಲಿ ನೀರು ಏರುತ್ತದೆ ಎಂದ. ನಾನು ಹೆಜ್ಜೆ ಚುರುಕು ಮಾಡಿದೆ. ಹಿಂದಿನವರೂ ಮಾಡಿದರು. ಶುಭಾಳಿಗೆ ಆಗಲಿಲ್ಲ.

ಹಿಂದೆ ಏನಾಯಿತೆಂಬುದು ನನಗೆ ತಿಳಿದದ್ದು ಆಮೇಲೆ. ಕೊಳ್ಳದ ಬಾಯಿಗೆ ಒಂದು ಕಿಲೋಮೀಟರ್ ಇರುವಾಗ ಶುಭಾಳ ಮಂಡಿ ಕೈಕೊಟ್ಟಿತು. ಜಾರಿ ಬಿದ್ದವಳಿಗೆ ಕಾಲೂರಲಾಗಲಿಲ್ಲ. ಕಾಕಾ ಅವಳನ್ನು ಬೆನ್ನಿಗೆ ಹೊತ್ತುಕೊಂಡು ನಡೆಯಲು ನಿರ್ಧರಿಸಿದರು. ಅದಕ್ಕಾಗಿ ತಮ್ಮ ಬೆನ್ನಚೀಲ ಬಿಚ್ಚಿ, ಮುಂದಿದ್ದ ಸುರೇಶನಿಗೆ ಕೊಟ್ಟರು. ಅವನು ನಮ್ಮ ಆಫೀಸಿನ ಹುಡುಗ. "ನೀ ನಡಿ, ನಾವು ಹಿಂದನ ಬಂದ್ವಿ," ಎಂದರು. ಸುರೇಶ ಅದನ್ನು ಹೆಗಲಿಗೇರಿಸಿಕೊಂಡು ನಡೆದ. ಕೆಂಪು ಬಟ್ಟೆ ಆ ಚೀಲಕ್ಕೇ ಕಟ್ಟಿತ್ತು.

ನಾನು ಕೊಳ್ಳದ ಬಾಯಿ ದಾಟಿ, ಜೀಪು ನಿಲ್ಲುವ ರಸ್ತೆಗೆ ಹೋಗುವ ಕಾಲುದಾರಿಯ ಮೊದಲ ತಿರುವಿನಲ್ಲಿ ನಿಂತಿದ್ದೆ. ಮಳೆ ಶುರುವಾಗಿತ್ತು. ಬೆಳಿಗ್ಗೆಯಿಂದ ಸತ್ತಂತಿದ್ದ ನನ್ನ ಫೋನು ಅಲ್ಲಿ ಒಂದು ಗೆರೆ ಸಿಗ್ನಲ್ ಹಿಡಿದು ಬಡಬಡ ಮೆಸೇಜು ತರತೊಡಗಿತು, ಕೂಡಲೇ ರಿಂಗೂ ಆಯಿತು. ಅಮೆರಿಕದ ಗಿರಾಕಿಗೆ ನಮ್ಮ ಪೂಜೆ ಎಲ್ಲಿಯದು. ಆಫೀಸಿನಲ್ಲಿ ಕೂತಿದ್ದವನೊಬ್ಬ ಯಾವುದೋ ಫೈಲು ಎಲ್ಲಿಟ್ಟಿದ್ದೀಯ ಎಂದು ಕೇಳುತ್ತಿದ್ದ. ಫೋನನ್ನು ಮಳೆಯಿಂದ ಕಾಪಾಡಲು ತಲೆ ತಗ್ಗಿಸಿ ಮಾತಾಡುತ್ತಲೇ ಕೆಳಗೆ ನೋಡಿದೆ. ಕೊನೆಯ ತಿರುವಿನಲ್ಲಿ, ಮಳೆಯ ಪರದೆಯಾಚೆ, ಕೆಂಪು ಬಟ್ಟೆ ಕಂಡಿತು.

"ಸಬ್ ಆ ಗಯೇ, ದೀದಿ?" ಪ್ರೇಮ್ ಕೇಳಿದ.

ಹೌದು, ಎಲ್ಲರೂ ಬಂದರು ಎಂದೆ. ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದು, ಸೀಟಿಯನ್ನು ಉದ್ದಕ್ಕೆ ಊದಿದೆ.

ಎರಡು ಜೀಪುಗಳಿದ್ದವು. ನಾನು, ಪ್ರೇಮ್ ಮತ್ತು ಇನ್ನಿಬ್ಬರು ಮೊದಲ ಜೀಪಿನಲ್ಲಿ ಹೊರಟೆವು. ಸುರೇಶ ರಸ್ತೆ ಸೇರುವಷ್ಟರಲ್ಲಿ ಮಳೆ ಜೋರಾಗಿತ್ತು. ಕಾಕಾ ಮತ್ತು ಶುಭಾ ತನ್ನ ಹಿಂದಿದ್ದವರು ಎಂದೇ ಅವನು ಹೇಳಿದನಂತೆ. ಆದರೆ ಜೊತೆಗಿದ್ದವರಲ್ಲಿ ಒಬ್ಬ, ಇಲ್ಲಪ್ಪ, ಪುಷ್ಪಾ ಎಲ್ಲರೂ ಬಂದರು ಅಂತ ಸೀಟಿ ಊದಿದಳಲ್ಲ, ಅವರು ನಿನ್ನನ್ನು ದಾಟಿ ಮೊದಲ ಜೀಪು ಹತ್ತಿರಬೇಕು ಎಂದ. ನನ್ನ ಸೀಟಿಯ ಮೇಲೆ ಅವರಿಗೆ ಅಷ್ಟು ನಂಬಿಕೆ. ಅವರೂ ಹೊರಟು ಬಂದರು.

ಅತಿಥಿಗೃಹದ ಜಗಲಿಯಲ್ಲಿ ನಾವು ಟವೆಲಿನಿಂದ ತಲೆ ಒರೆಸಿಕೊಂಡು ಚಹಾ ಕುಡಿಯುತ್ತಿದ್ದೆವು. ಎರಡನೇ ಜೀಪಿನಿಂದ ಇಳಿದ ಸುರೇಶನ ಹೆಗಲಲ್ಲಿ ಆ ಚೀಲ. ಅವನು, "ಕಾಕಾ ಎಲ್ಲಿ, ಈ ಚೀಲ ಕೊಡ್ಬೇಕು," ಎಂದ. ನನ್ನ ಕೈಯಲ್ಲಿದ್ದ ಲೋಟ ಏನಾಯಿತೋ ನೆನಪಿಲ್ಲ. ನನಗೆ ಆ ಕ್ಷಣಕ್ಕೇ ಎಲ್ಲ ಅರ್ಥವಾಯಿತು. ಬಿಡಿಸಿ ಹೇಳಲು ಯಾರೂ ಬೇಕಾಗಲಿಲ್ಲ.

ವಾಪಸ್ ಹೋಗುವಷ್ಟರಲ್ಲಿ ಕೊಳ್ಳದ ಬಾಯಿಂದ ಕೆಂಪು ಕೆಸರು ನೀರು ಭೋರೆಂದು ಬರುತ್ತಿತ್ತು. ಮಧ್ಯಾಹ್ನ ನಾವು ಕಾಲಿಟ್ಟು ಹೊರಬಂದ ಬಂಡೆ ಮುಳುಗಿತ್ತು. ಪ್ರೇಮ್ ಅರಣ್ಯ ಇಲಾಖೆಯವರನ್ನು ಕರೆತಂದ. ಅವರು ಹಗ್ಗಗಳನ್ನು ತಂದು ಮೇಲಿನ ಕಾಡಿನಲ್ಲಿ ಸುತ್ತಿ ಹೋಗಿ ಇಳಿಯಬೇಕಾಯಿತು. ನಾನು ಕೆಳಗೆ ನಿಂತು ಸೀಟಿ ಊದಿದೆ. ತುಟಿ ಒಡೆದು ರಕ್ತ ಬರುವವರೆಗೆ ಊದಿದೆ. ಕಾಕಾ, ಶುಭಾ ಎಂದು ಕಿರುಚಿದೆ. ನೀರಿನ ಸದ್ದು ನನ್ನ ದನಿಯನ್ನು ನನ್ನ ಕಿವಿಗೇ ಮುಟ್ಟಿಸುತ್ತಿರಲಿಲ್ಲ. ದೇವರನ್ನು ಕೇಳಿಕೊಂಡೆ. ಯೇಸುವನ್ನೂ ಕೇಳಿಕೊಂಡೆ, ಕಾಕಾರ ದೇವರಲ್ಲವೆ ಅಂತ. ನನ್ನ ಕೈ ತಗೋ, ಕಣ್ಣು ತಗೋ, ಅವರಿಬ್ಬರನ್ನು ಕೊಡು ಎಂದೆ. ಹಾಗೆ ಬೇಡಿಕೊಳ್ಳುವವರಿಗೆ ಆ ಹೊತ್ತಿನಲ್ಲಿ ಕೈ ಕಣ್ಣುಗಳ ಬೆಲೆ ಗೊತ್ತಿರುವುದಿಲ್ಲ.

ಬೆಳಕು ಆರುವ ಹೊತ್ತಿಗೆ ಇಬ್ಬರನ್ನೂ ಮೇಲೆತ್ತಿದರು. ಶುಭಾ ಗೋಡೆಯಲ್ಲಿ ತಲೆಯೆತ್ತರಕ್ಕಿದ್ದ ಒಂದು ಚಾಚುಗಲ್ಲಿನ ಮೇಲೆ ಮುದುಡಿ ಕೂತಿದ್ದಳಂತೆ. ಕಾಕಾ ಅವಳನ್ನು ಅಲ್ಲಿಗೆ ಹತ್ತಿಸಿ ತಾವೂ ಹತ್ತಬೇಕೆನ್ನುವಾಗ ಪ್ರವಾಹದಲ್ಲಿ ಬಂದ ಮರದ ದಿಮ್ಮಿ ಅವರ ಕಾಲನ್ನು ಬಂಡೆಗೆ ಒತ್ತಿ ಹಿಡಿಯಿತು. ಎದೆಮಟ್ಟದ ತಣ್ಣೀರಿನಲ್ಲಿ ಮೂರು ತಾಸಿಗೂ ಹೆಚ್ಚು ಹಾಗೆಯೇ ನಿಂತಿದ್ದರು, ಮೇಲೆ ಕೂತವಳು ಜಾರದಂತೆ ಅವಳ ಪಾದ ಹಿಡಿದುಕೊಂಡು.

ಶುಭಾ ಎರಡು ದಿನ ಬಿಟ್ಟು ನನ್ನ ಹತ್ತಿರ ಹೇಳಿದಳು. "ನೀನು ಸೀಟಿ ಊದಿದ್ದು ನಮಗೆ ಕೇಳಿತು ಮಾರಾಯ್ತಿ. ಎಷ್ಟು ಧೈರ್ಯ ಬಂತು ಗೊತ್ತುಂಟಾ? ಕಾಕಾ ಹೇಳಿದ್ರು, ಅದು ನಮ್ಮನ್ನು ಕರಕೊಂಡು ಹೋಗ್ಲಿಕ್ಕೆ ಬರ್ತಿದ್ದೇವೆ ಅಂತ ಊದಿದ್ದು, ಹೆದರ್ಬೇಡ ಅಂತ. ಅವರೂ ಊದಿದ್ರು, ತುಂಬ ಹೊತ್ತು ಊದಿದ್ರು."

ನಾನು ಅವಳ ಮಂಡಿಯ ಪಟ್ಟಿಯನ್ನು ಬಿಚ್ಚಿ ಮತ್ತೆ ಕಟ್ಟಿದೆ. ಆ ಉದ್ದ ಸೀಟಿಯ ಅರ್ಥ ಅವಳಿಗೆ ತಿಳಿದಿರಲಿಲ್ಲ. ಕಾಕಾರಿಗೆ ತಿಳಿದಿತ್ತು. ನಾವು ಅವರನ್ನು ಬಿಟ್ಟು ಹೊರಟದ್ದು ಅವರಿಗೆ ಆ ಕ್ಷಣದಲ್ಲೇ ಗೊತ್ತಾಗಿತ್ತು.

ಸಿಲಿಗುರಿಯಲ್ಲಿ ಮೊದಲ ಚಿಕಿತ್ಸೆ ಮಾಡಿಸಿ ಕೋಲ್ಕತ್ತಕ್ಕೆ ತಂದರು. ಬಲಗಾಲನ್ನು ತೊಡೆಯ ಹತ್ತಿರ ಕತ್ತರಿಸಿದರು. ಆಮೇಲೆ ಮೂತ್ರಪಿಂಡ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದರು. ನಡೆದದ್ದರ ಬಗ್ಗೆ ಎಲ್ಲರೂ ಒಪ್ಪಿಕೊಂಡ ಕತೆಯೊಂದು ತಯಾರಾಗಿತ್ತು: ಎರಡು ಜೀಪು, ಮಳೆಯ ಗಡಿಬಿಡಿ, ಅವರು ಇದರಲ್ಲಿದ್ದಾರೆಂದು ಇವರು, ಇವರು ಅದರಲ್ಲಿದ್ದಾರೆಂದು ಅವರು. ಅದರಲ್ಲಿ ಯಾರ ತಪ್ಪೂ ಇರಲಿಲ್ಲ. ನಾನು ತಲೆಯಾಡಿಸಿದೆ. ಕಾಕೂ ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಕೈ ಹಿಡಿದುಕೊಂಡು, "ನೀ ತುಟಿ ಒಡದು ರಕ್ತಾ ಬರೂತನಾ ಊದಿದೆಂತಲ್ಲವಾ, ಸುರೇಶ ಹೇಳಿದ," ಎಂದು ನನ್ನ ತುಟಿ ಮುಟ್ಟಿ ನೋಡಿದರು. ಭೂಮಿ ಬಾಯಿ ಬಿಡಬಾರದೆ ಎನ್ನಿಸಿತು.

ಏಳನೆಯ ದಿನ ಕಾಕಾರಿಗೆ ಸ್ವಲ್ಪ ಎಚ್ಚರ ಚೆನ್ನಾಗಿತ್ತು. ಕಾಕೂ ಔಷಧಿ ತರಲು ಕೆಳಗೆ ಹೋಗಿದ್ದರು. ನಾನು ಮಂಚದ ಹತ್ತಿರ ಕೂತು, ಇನ್ನು ತಡೆಯಲಾಗದೆ ಹೇಳಿಬಿಟ್ಟೆ.

"ಕಾಕಾ, ನಾನು ಎಣಿಸ್ಲಿಲ್ಲ. ಬಟ್ಟೆ ನೋಡಿ ಎಲ್ಲಾ ಬಂದ್ರು ಅಂತ ಹೇಳ್ಬಿಟ್ಟೆ."

"ಗೊತ್ತೈತಿ," ಎಂದರು. ದನಿ ಸವೆದುಹೋಗಿತ್ತು. ಆಮೇಲೆ ಕೇಳಿದರು. "ಬಟ್ಟಿ ಯಾರ ಬೆನ್ನಮ್ಯಾಲ ಐತಿ ಅಂತ ಯಾಕ ನೋಡಲಿಲ್ಲ?"

"ಫೋನ್ ಬಂದಿತ್ತು."

"ಯಾರದು?"

"ಆಫೀಸಿಂದು."

"ಏನಂದ್ರು?"

"ಏನಿಲ್ಲ ಕಾಕಾ. ಒಂದು ಫೈಲ್ ಎಲ್ಲಿದೆ ಅಂತ ಕೇಳಿದ್ರು."

ಅವರು ಕಣ್ಣು ಮುಚ್ಚಿದರು. ನಾನು ಅಳುತ್ತಿದ್ದೆ. ಪರವಾಗಿಲ್ಲ ಬಿಡು ಎನ್ನುತ್ತಾರೆಂದು ಕಾಯುತ್ತಿದ್ದೆ. ಅದನ್ನು ಕೇಳಲೆಂದೇ ನಾನು ಹೇಳಿದ್ದು ಎಂದು ಈಗ ಅರ್ಥವಾಗುತ್ತದೆ. ಅವರು ಹಾಗೆನ್ನಲಿಲ್ಲ.

"ಮೊದಲ ತಪ್ಪು ನಂದು. ಚೀಲದ ಜೋಡಿ ಬಟ್ಟಿ ಕೊಟ್ಟು ಕಳಿಸಬಾರದಿತ್ತು. ಮೂವತ್ತು ವರ್ಷ ಆ ಕೆಲಸಾ ಮಾಡಿ ಅದೊಂದು ಮರತೆ. ಆದ್ರ ನಿಂದೂ ತಪ್ಪೈತಿ ಪುಷ್ಪಾ. ಇಲ್ಲ ಅನ್ನಂಗಿಲ್ಲ ನಾ. ಇಲ್ಲ ಅಂದ್ರ ನಿನಗ ಸುಳ್ಳು ಹೇಳಿದಂಗ ಆಗ್ತೈತಿ."

"ಹೌದು ಕಾಕಾ."

"ನಿನ್ನ ಕಾಕೂಗ ಹೇಳು. ನನ್ನ ತಪ್ಪು ನಾ ಹೇಳೇನಿ ಆಕಿಗೆ. ನಿಂದು ನಾ ಹೇಳಿಲ್ಲ. ನೀನ ಹೇಳಬೇಕು. ಆಕಿ ಬೈತಾಳ, ಅಳತಾಳ, ಆಮ್ಯಾಗ ಉಣ್ಣಾಕ ಕರೀತಾಳ. ಹೇಳದ ಉಳದ್ರ ನೀ ಆಕಿ ಕೈಯಾಗಿನ ರೊಟ್ಟಿ ತಿನ್ನಾಕ ಆಗೂದಿಲ್ಲ."

ಹೇಳುತ್ತೇನೆ ಎಂದೆ. ಅವರ ಕೈ ಮುಟ್ಟಿ ಹೇಳಿದೆ. ಆಗ ಕಾಕೂ ಔಷಧಿಯ ಪೊಟ್ಟಣ ಹಿಡಿದು ಬಂದರು. ನಾನೆದ್ದು ಹೊರಗೆ ಬಂದೆ. ಮೊಗಸಾಲೆಯಲ್ಲಿ ನಿಂತು, ಅವರು ಹೊರಗೆ ಬರಲಿ, ಹೇಳುತ್ತೇನೆ ಎಂದುಕೊಂಡೆ. ಅವರು ಬಂದರು. ಮುಖದಲ್ಲಿ ನೆಮ್ಮದಿಯಿತ್ತು. "ಇವತ್ತು ನಾಕು ಮಾತು ಚೊಲೋ ಆಡಿದ್ರು ನೋಡು," ಎಂದರು. ನಾಳೆ ಹೇಳೋಣ ಎಂದು ಮನೆಗೆ ಹೋದೆ. ಮರುದಿನ ಕಾಕಾರಿಗೆ ಜ್ವರ ಏರಿತು, ಇಂಥ ಸ್ಥಿತಿಯಲ್ಲಿ ಹೇಗೆ ಹೇಳುವುದೆಂದು ಬಿಟ್ಟೆ. ಅದರ ಮರುದಿನ ಕೆಲಸಕ್ಕೆ ಹೋಗಲೇಬೇಕಾಯಿತು. ಹೋಗಲೇಬೇಕಿತ್ತು ಎಂಬುದೂ ಪೂರ್ತಿ ನಿಜವಲ್ಲ. ರಜೆ ಕೇಳಿದ್ದರೆ ಕೊಡುತ್ತಿದ್ದರು. ಸಂಜೆ ಆಸ್ಪತ್ರೆಯ ಗೇಟಿನವರೆಗೆ ಹೋಗಿ ತಿರುಗಿ ಬಂದೆ. ಅವರ ಮುಖ ನೋಡಿದರೆ ಹೇಳಿದೆಯಾ ಎಂದು ಕೇಳುತ್ತಾರೆಂಬ ಭಯ.

ಹತ್ತನೆಯ ದಿನ ಮಧ್ಯಾಹ್ನ ಕಾಕಾ ಹೋದರು. ನಾನು ಆಫೀಸಿನ ಕ್ಯಾಂಟೀನಿನಲ್ಲಿದ್ದೆ.

ಮಣ್ಣಿಗೆ ನಾವೆಲ್ಲ ಹೋಗಿದ್ದೆವು. ರೈಲ್ವೆಯವರು ಬಂದಿದ್ದರು, ಬಂಗಾಳಿ ನೆರೆಯವರು ಬಂದಿದ್ದರು. ಶುಭಾ ಕಾಲಿಗೆ ಪಟ್ಟಿ ಕಟ್ಟಿಕೊಂಡು ಕುಂಟುತ್ತಾ ಬಂದು ಮಣ್ಣು ಹಾಕಿದಳು. ಕಾಕೂ ಆಮೇಲೆ ಒಂದು ತಿಂಗಳು ಆ ಕ್ವಾರ್ಟರ್ಸಿನಲ್ಲಿ ಇದ್ದರು. ಭಾನುವಾರ ಸುರೇಶ, ಶುಭಾ ಹೋಗುತ್ತಿದ್ದರು. ನಾನು ಏನಾದರೊಂದು ನೆಪ ಹೇಳುತ್ತಿದ್ದೆ. ಒಮ್ಮೆ ಶುಭಾಳ ಕೈಯಲ್ಲಿ ಕಾಕೂ ನನಗೆಂದು ರೊಟ್ಟಿ ಕಳಿಸಿದರು. ಬಟ್ಟೆಯಲ್ಲಿ ಸುತ್ತಿದ ನಾಲ್ಕು ರೊಟ್ಟಿ. ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟೆ. ಬೂಸಲು ಬಂದ ಮೇಲೆ ಶುಭಾ ನನ್ನನ್ನು ಬೈದು ಎಸೆದಳು.

ಬೆಟಗೇರಿಯಿಂದ ಅವರ ತಮ್ಮ ಬಂದು ಕರೆದುಕೊಂಡು ಹೊರಟ ದಿನ ಹೌರಾ ಸ್ಟೇಷನ್ನಿಗೆ ಹೋದೆ. ಇವತ್ತು ಹೇಳಿಯೇ ತೀರಬೇಕೆಂದು ಹೋಗಿದ್ದೆ. ಟ್ಯಾಕ್ಸಿಯಲ್ಲಿ ಕೂತು ಮಾತುಗಳನ್ನು ಒಂದೊಂದಾಗಿ ಜೋಡಿಸಿಕೊಂಡಿದ್ದೆ. ಕಾಕೂ ಕಿಟಕಿಯ ಪಕ್ಕ ಕೂತಿದ್ದರು, ಬಿಳಿ ಸೀರೆಯಲ್ಲಿ, ಒಂದು ತಿಂಗಳಲ್ಲಿ ಅರ್ಧವಾಗಿ ಹೋಗಿದ್ದರು. ಕರೆದೊಯ್ಯಲು ಬಂದ ತಮ್ಮ ನೀರಿನ ಬಾಟಲಿ ತರಲು ಹೋದರು. ನಾವಿಬ್ಬರೇ ಉಳಿದೆವು. ನಾನು ಕಿಟಕಿಯ ಸರಳು ಹಿಡಿದು ಪ್ಲಾಟ್‌ಫಾರಂ ಮೇಲೆ ನಿಂತಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಅವರೇ ಮಾತಾಡಿದರು.

"ಪುಷ್ಪಾ, ಒಂದು ಮಾತು ಕೇಳೂದೈತಿ. ಅವರು ಹೋಗೂ ಮುಂದ ಎರಡು ದಿನಾ ಬರೇ ಒಂದ ಕೇಳತಿದ್ರವಾ. ಪುಷ್ಪಾ ನಿನಗೇನರ ಹೇಳಿದ್ಲೇನು, ಪುಷ್ಪಾ ನಿನಗೇನರ ಹೇಳಿದ್ಲೇನು ಅಂತ. ಜ್ವರದಾಗೂ ಅದನ್ನ. ನಾ ಇಲ್ಲಂದ್ರ ಕಣ್ಣು ಮುಚ್ಚಿಕೊಂತಿದ್ರು. ಏನು ಹೇಳೂದಿತ್ತವಾ ನಿನಗ?"

ಅವರ ಕಣ್ಣುಗಳು ನನ್ನ ಮೇಲಿದ್ದವು. ಅವುಗಳಲ್ಲಿ ಸಂಶಯದ ಎಳೆಯೂ ಇರಲಿಲ್ಲ. ಗಂಡನ ಕೊನೆಯ ಮಾತಿನ ಅರ್ಥ ತಿಳಿಯದೆ ಒಂದು ತಿಂಗಳು ನರಳಿದ ಹೆಂಗಸು, ಅದನ್ನು ಬಲ್ಲ ಒಬ್ಬಳನ್ನು ಕೇಳುತ್ತಿದ್ದರು ಅಷ್ಟೆ.

"ಏನಿಲ್ಲ ಕಾಕೂ," ಅಂದೆ. "ಕಾಕಾ ಹೋದ್ಮೇಲೂ ನಿಮ್ಮನ್ನ ನಮ್ಮ ಜೊತೇಲೇ ಇಟ್ಕೋತೀವಿ, ಊರಿಗೆ ಹೋಗ್ಬೇಡಿ ಅಂತ ನಾನು ಹೇಳೋದಿತ್ತು. ಹೇಳೋಕೆ ಧೈರ್ಯ ಬರ್ಲಿಲ್ಲ."

ಅವರ ಮುಖ ಕರಗಿತು. "ಇಷ್ಟ ಏನವಾ," ಎಂದರು. "ನಾ ಏನೇನೋ ತಿಳಕೊಂಡಿದ್ದೆ. ಇನ್ನ ನಿಶ್ಚಿಂತಿ ಆತು ನನಗ."

ರೈಲು ಅಲುಗಿತು. ಕಾಕೂ ಸರಳುಗಳ ನಡುವೆ ಕೈ ಹೊರಗೆ ಹಾಕಿ ನನ್ನ ತಲೆಯ ಮೇಲೆ ಇಟ್ಟರು. ದೇವರು ನಿನಗ ಒಳ್ಳೇದು ಮಾಡಲಿ ಎಂದು ಅಳುತ್ತಾ ಹರಸಿದರು. ಆ ಕೈಯನ್ನು ನಾನು ತಡೆಯಲಿಲ್ಲ. ರೈಲಿನ ಜೊತೆ ಹತ್ತು ಹೆಜ್ಜೆ ನಡೆದು, ಪೂರ್ತಿ ಹರಸಿಸಿಕೊಂಡೆ.